ಟ್ರೇಲರ್ ಕೊಳ್ಳುವ ಮುನ್ನ



ಮನೆಗೆ ಟ್ರ್ಯಾಕ್ಟರ್ ಬಂದ ಮೇಲೆ ಹಿಂದಕ್ಕೊಂದು ಟ್ರೇಲರೂ ಇರಲಿ ಅಂತ ಆಸೆಯಾಗುವುದು ಸಹಜ. ಆದರೆ ಸಾಲದ ಕಾಗದಕ್ಕೆ ರುಜು ಹಾಕುವ ಮೊದಲು ಮನೆಮಂದಿ ಕೂತು ಲೆಕ್ಕ ಮಾಡಿ. ವರ್ಷದಲ್ಲಿ ಅದಕ್ಕೆ ಎಷ್ಟು ದಿನ ಕೆಲಸ? ಗೊಬ್ಬರ, ಫಸಲು, ಮೇವು ಎಲ್ಲ ಸೇರಿ 30 ದಿನ ಅನ್ನಿ. ಸಾಲ 2 ಲಕ್ಷ, ಬಡ್ಡಿ ನೂರಕ್ಕೆ 12 ಆದರೆ ಮೊದಲ ವರ್ಷದ ಬಡ್ಡಿಯೇ 24,000 ರೂಪಾಯಿ. ಅಂದರೆ ದುಡಿದ ದಿನವೊಂದಕ್ಕೆ 800. ಅಸಲಿನ ಕಂತು, ಟೈರು, ವಿಮೆ ಬೇರೆ. ಟ್ರೇಲರಿನ ಬಾಡಿಗೆ ಇದಕ್ಕಿಂತ ಕಡಿಮೆಯಿದ್ದರೆ ಬಾಡಿಗೆಯೇ ಲೇಸು. 2014-15ರಲ್ಲಿ ಶುರುವಾದ ಕೃಷಿ ಯಂತ್ರಧಾರೆಯ ಕೇಂದ್ರ ನಿಮ್ಮ ಹೋಬಳಿಯಲ್ಲಿದ್ದರೆ ಅಲ್ಲಿಯೂ ವಿಚಾರಿಸಿ. ನೆರೆಯವರಿಬ್ಬರು ಕೂಡಿ ಕೊಂಡರೂ ಆದೀತು.

ಕೊಳ್ಳುವುದೇ ಆದರೆ ಟ್ರ್ಯಾಕ್ಟರಿನ ಶಕ್ತಿಗೆ ತಕ್ಕದ್ದನ್ನೇ ಆರಿಸಿ. ಎರಡು ಚಕ್ರದ ಟ್ರೇಲರ್ ಭಾರದ ಒಂದು ಪಾಲನ್ನು ಟ್ರ್ಯಾಕ್ಟರಿನ ಹಿಂದಿನ ಚಕ್ರಗಳ ಮೇಲೆ ಹೊರಿಸುತ್ತದೆ. ಕೆಸರಲ್ಲಿ ಹಿಡಿತ ಸಿಗುತ್ತೆ, ಹಿಂದಕ್ಕೆ ಬಿಡೋದೂ ಸುಲಭ. ನಾಲ್ಕು ಚಕ್ರದ್ದು ತನ್ನ ಭಾರ ತಾನೇ ಹೊರುತ್ತದೆ. ಕಬ್ಬಿನಂಥ ದೊಡ್ಡ ಹೊರೆಗೆ, ದೂರದ ರಸ್ತೆಗೆ ಸರಿ. ಯಾವುದೇ ಇರಲಿ, ಮಿತಿಮೀರಿ ಹೇರಿದರೆ ಇಳಿಜಾರಲ್ಲಿ ಬ್ರೇಕು ಮಾತು ಕೇಳೋದಿಲ್ಲ.

ಟ್ರೇಲರಿಗೂ ಬೇರೆ ನೋಂದಣಿ ಬೇಕು, ವಿಮೆಯನ್ನೂ ಮರೆಯಬೇಡಿ. ದಿಬ್ಬಣಕ್ಕೆ, ಜಾತ್ರೆಗೆ ಅಂತ ಅದರಲ್ಲಿ ಜನರನ್ನು ತುಂಬಬೇಡಿ. ಅದು ಸರಕಿನ ಗಾಡಿ. ಮಗುಚಿದರೆ ಹೋಗುವುದು ನಮ್ಮವರ ಪ್ರಾಣ.

ಹೊಲಕ್ಕಾಗಿ ಗಾಡಿ ಬರಲಿ. ಗಾಡಿಗಾಗಿ ಹೊಲ ಹೋಗದಿರಲಿ.