ತೋಟದಂಚಿಗೆ ದೈತ್ಯ ಬಿದಿರು



ಬಿದಿರು ಮರವಲ್ಲ, ಹುಲ್ಲು. ಭತ್ತ, ರಾಗಿ, ಕಬ್ಬುಗಳ ಕುಟುಂಬಕ್ಕೇ ಸೇರಿದ್ದು. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಅದನ್ನು ಬೆಳೆಸುವ ಬಗೆಯೂ, ಬೆಳೆಸುವಾಗ ವಹಿಸಬೇಕಾದ ಎಚ್ಚರವೂ ಸುಲಭವಾಗಿ ತಿಳಿಯುತ್ತವೆ.

ಮಲೆನಾಡಿನ ಹವೆ ಬಿದಿರಿಗೆ ಹೇಳಿ ಮಾಡಿಸಿದಂತಿದೆ. ಮಡಿಕೇರಿಯನ್ನೇ ನೋಡಿ. ಸಮುದ್ರ ಮಟ್ಟದಿಂದ 1,100 ಮೀಟರಿಗೂ ಹೆಚ್ಚು ಎತ್ತರ, ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿದ ಮಳೆ. ಸುಡುವ ಬಿಸಿಲೂ ಇಲ್ಲ, ಹೆಪ್ಪುಗಟ್ಟಿಸುವ ಚಳಿಯೂ ಇಲ್ಲ. ಇಂಥಲ್ಲಿ ನಮ್ಮದೇ ಆದ ಹೆಬ್ಬಿದಿರಷ್ಟೇ ಅಲ್ಲ, ಬರ್ಮಾ ಕಡೆಯ ದೈತ್ಯ ಬಿದಿರೂ ಬೆಳೆಯಬಲ್ಲದು. ಅದರ ಸಸ್ಯಶಾಸ್ತ್ರೀಯ ಹೆಸರು ಡೆಂಡ್ರೊಕೆಲಾಮಸ್ ಜೈಗ್ಯಾಂಟಿಯಸ್. ಗಳದ ಎತ್ತರ 25-30 ಮೀಟರು. ಬುಡದ ಅಡ್ಡಳತೆ ಒಂದು ಅಡಿಯವರೆಗೂ ಹೋಗುವುದುಂಟು.

ನಾವು ದೂರದರ್ಶನದವರು ಬೆಳವಣಿಗೆಯನ್ನು ತೋರಿಸಲು ಕ್ಯಾಮೆರಾವನ್ನು ವಾರಗಟ್ಟಲೆ ಒಂದೇ ಕಡೆ ನಿಲ್ಲಿಸಬೇಕಾಗುತ್ತದೆ. ಮಳೆಗಾಲದ ಬಿದಿರಿಗೆ ಒಂದು ಹಗಲು, ಒಂದು ರಾತ್ರಿ ಸಾಕು. ದೈತ್ಯ ಬಿದಿರಿನ ಮೊಳಕೆ ದಿನಕ್ಕೆ ಒಂದು ಅಡಿಗೂ ಹೆಚ್ಚು ಏರಬಲ್ಲದು. ಆದರೆ ನೆಲದಿಂದ ಎಷ್ಟು ದಪ್ಪವಾಗಿ ಹೊರಬಂದಿತೋ ಅಷ್ಟೇ ದಪ್ಪ. ಮರದಂತೆ ವರ್ಷವರ್ಷವೂ ಸುತ್ತಳತೆ ಹೆಚ್ಚುವುದಿಲ್ಲ. ಗೆಡ್ಡೆ ಬಲಿತಂತೆ ಮುಂದಿನ ವರ್ಷದ ಗಳಗಳು ಹಿಂದಿನವಕ್ಕಿಂತ ದಪ್ಪವಾಗಿ ಬರುತ್ತವೆ. ಆದುದರಿಂದ ಮೊದಲ ಕೆಲವು ವರ್ಷ ಬೆರಳು ಗಾತ್ರದ ಕಡ್ಡಿಗಳನ್ನು ಕಂಡು ನಿರಾಶರಾಗಬೇಡಿ.

ನೆಡಲು ಮುಂಗಾರಿನ ಆರಂಭ ಸೂಕ್ತ. ನೀರು ನಿಲ್ಲದ ಜಾಗ ಆರಿಸಿ, ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಗೆ ಕೊಟ್ಟಿಗೆ ಗೊಬ್ಬರ ಹಾಕಿ. ಮೆಳೆಯಿಂದ ಮೆಳೆಗೆ 10 ಮೀಟರಾದರೂ ಅಂತರವಿರಲಿ. ಮನೆ ಮತ್ತು ವಿದ್ಯುತ್ ತಂತಿಗಳಿಂದ ಗಳದ ಪೂರ್ಣ ಎತ್ತರದಷ್ಟು ದೂರವಿರಬೇಕು. ಮಳೆ ಎಷ್ಟೇ ಸುರಿದರೂ ಜನವರಿಯಿಂದ ಏಪ್ರಿಲ್‌ವರೆಗೆ ನಮ್ಮಲ್ಲಿ ನೆಲ ಒಣಗುತ್ತದೆ. ಮೊದಲ ಎರಡು ಬೇಸಿಗೆ ಬುಡಕ್ಕೆ ತರಗೆಲೆ ಹೊದಿಸಿ ನೀರು ಕೊಡಿ.

ಸಸಿ ಕೊಳ್ಳುವಾಗ ಬಹಳಷ್ಟು ಜನ ಕೇಳದ ಪ್ರಶ್ನೆಯೊಂದಿದೆ: ಇದು ಬೀಜದ್ದೋ, ಹಳೆಯ ಮೆಳೆಯ ಗೆಡ್ಡೆಯದೋ? ಹೆಬ್ಬಿದಿರು ನಾಲ್ಕೈದು ದಶಕಗಳಿಗೊಮ್ಮೆ ಹೂಬಿಟ್ಟು, ಬಿದಿರಕ್ಕಿ ಉದುರಿಸಿ, ಮೆಳೆಗೆ ಮೆಳೆಯೇ ಸಾಯುತ್ತದೆ. ಕಿತ್ತು ತಂದ ಗೆಡ್ಡೆಗೆ ತಾಯಿ ಮೆಳೆಯದೇ ವಯಸ್ಸು. ತಾಯಿಗೆ ಆಗಲೇ 40 ವರ್ಷವಾಗಿದ್ದರೆ, ನಿಮ್ಮ ಬಿದಿರು ಆಳೆತ್ತರ ದಾಟುವ ಹೊತ್ತಿಗೆ ಹೂ ಬಿಟ್ಟೀತು. ಆಗ ಉಳಿಯುವುದು ಬೆಂಕಿಗೆ ಕಾದ ಒಣ ಮೆಳೆ ಮಾತ್ರ.

ಇನ್ನು ಹೊರನಾಡಿನ ಗಿಡಗಳ ವಿಚಾರ. ಇಲ್ಲಿ ಹೇಳಿದ ಎರಡೂ ಬಿದಿರು ಮೆಳೆಕಟ್ಟಿ ಇದ್ದಲ್ಲೇ ಇರುವಂಥವು. ಚೀನಾ, ಜಪಾನ್ ಕಡೆಯ ಫಿಲೊಸ್ಟಾಕಿಸ್ ಜಾತಿಗಳ ಗೆಡ್ಡೆ ಹಾಗಲ್ಲ. ನೆಲದಡಿ ಹರಿದು ಪಕ್ಕದ ತೋಟದಲ್ಲಿ ತಲೆ ಎತ್ತುತ್ತದೆ. ಹಿತವಾದ ಹವೆಯೆಂದರೆ ಬೇಕಾದದ್ದಕ್ಕೂ ಹಿತ, ಬೇಡದ್ದಕ್ಕೂ ಹಿತ. ಹೂವಿನ ಅಂದಕ್ಕೆಂದು 19ನೇ ಶತಮಾನದ ಆರಂಭದಲ್ಲಿ ತಂದ ಅಮೆರಿಕ ಮೂಲದ ಲಂಟಾನ, ಇಂದು ಬಂಡೀಪುರ ಮತ್ತು ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಹುಲ್ಲಿಗೂ ಜಾಗವಿಲ್ಲದಂತೆ ಹಬ್ಬಿದೆ. ಹಳದಿ ಹೂವಿನ ಅಲಂಕಾರದ ಮರ ಸೆನ್ನಾ ಸ್ಪೆಕ್ಟಾಬಿಲಿಸ್ ಈಗ ಅದೇ ಹಾದಿಯಲ್ಲಿದೆ. ಕಾಡಿನ ಅಂಚಿನಲ್ಲಿ ತೋಟವಿರುವವರ ಹೊಣೆ ಇಲ್ಲಿ ದೊಡ್ಡದು.

ಫಲದ ಬಗ್ಗೆಯೂ ಒಂದು ಮಾತು. ಮಳೆಗಾಲದ ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸುವ ನಮ್ಮ ಹಿರಿಯರ ಪದ್ಧತಿಗೆ ಕಾರಣವಿದೆ: ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿರುತ್ತದೆ. ಗಳ ಕಡಿಯುವುದಾದರೆ ಮೂರು ವರ್ಷ ಬಲಿತದ್ದನ್ನು, ಮಳೆ ನಿಂತ ಮೇಲೆ ಕಡಿಯಿರಿ. ಪ್ರತಿ ವರ್ಷದ ಹೊಸ ಗಳಗಳಿಗೆ ಬಣ್ಣದ ಗುರುತು ಹಾಕಿಟ್ಟರೆ ವಯಸ್ಸು ತಪ್ಪುವುದಿಲ್ಲ. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, 'ಮರ' ಎಂಬ ವ್ಯಾಖ್ಯೆಯಿಂದ ಬಿದಿರನ್ನು ಕೈಬಿಡಲಾಯಿತು. ಆದರೂ ಮಾರಾಟಕ್ಕೆ ಸಾಗಿಸುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಬಿದಿರು ನೆಡಲು ಅರ್ಧ ದಿನ ಸಾಕು. ಆದರೆ ಜಾತಿ, ಜಾಗ, ವಯಸ್ಸು ಈ ಮೂರನ್ನೂ ವಿಚಾರಿಸಿಯೇ ಗುಂಡಿ ತೋಡಿ. ಇಂದು ನೀವು ನೆಡುವ ಬಿದಿರಿನೊಡನೆ ಬಾಳಬೇಕಾದವರು ನಿಮ್ಮ ಮೊಮ್ಮಕ್ಕಳು.