ಸಮಿತಿಯ ಖರ್ಚು ಯಾರ ಕೈಯಲ್ಲಿ?



ಶಾಸಕಾಂಗ ಸಮಿತಿಗಳ ಬಗ್ಗೆ ನಮ್ಮಲ್ಲಿ ಬರವಣಿಗೆ ಕಡಿಮೆಯೇನಿಲ್ಲ. ಮುಂದಿನ ಸಾಲಿನಲ್ಲಿ ಕೂತಿರುವ ಮೇಡಂ ಸದಸ್ಯರ ಹಾಜರಾತಿಯ ಮೇಲೆ ಮಾಡಿರುವ ಕೆಲಸ ನಿಮಗೆಲ್ಲ ಗೊತ್ತಿದೆ. ಅವರ ಪಕ್ಕದಲ್ಲಿರುವ ಪ್ರಾಧ್ಯಾಪಕರು ಸದನದ ನಿಯಮಾವಳಿಯನ್ನು ಅರೆದು ಕುಡಿದವರು. ಕೌಲ್ ಮತ್ತು ಶಕ್ಧರ್ ಅವರ ಗ್ರಂಥವಿಲ್ಲದೆ ನಮ್ಮ ಯಾರ ಪಾಠವೂ ಸಾಗುವುದಿಲ್ಲ. ಇವರೆಲ್ಲರ ಮೇಲೆ ಪೂರ್ಣ ಗೌರವ ಇಟ್ಟುಕೊಂಡೇ ನನ್ನ ಹಳೆಯ ತಕರಾರನ್ನು ಇಲ್ಲಿ ಮತ್ತೆ ಎತ್ತುತ್ತೇನೆ. ನಾವು ಸಮಿತಿಗಳ ಅಧಿಕಾರವನ್ನು ಓದಿದೆವು, ಅವುಗಳ ಖರ್ಚನ್ನು ಓದಲಿಲ್ಲ. ನಮ್ಮ ಅಧ್ಯಯನ ಹಾದಿ ತಪ್ಪಿದ್ದು ಅಲ್ಲಿ.

ಸಂವಿಧಾನವನ್ನೇ ತೆಗೆದು ನೋಡಿ. ಹೈಕೋರ್ಟಿನ ಆಡಳಿತ ವೆಚ್ಚವನ್ನು, ಸಿಬ್ಬಂದಿಯ ಸಂಬಳವನ್ನೂ ಸೇರಿಸಿ, 229ನೇ ವಿಧಿ ನೇರವಾಗಿ ರಾಜ್ಯದ ಸಂಚಿತ ನಿಧಿಯ ಮೇಲೆ ಹೊರಿಸಿದೆ. ಲೋಕಸೇವಾ ಆಯೋಗಕ್ಕೆ 322ನೇ ವಿಧಿ, ಸಿಎಜಿ ಕಚೇರಿಗೆ 148ನೇ ವಿಧಿ ಅದೇ ರಕ್ಷಣೆ ಕೊಟ್ಟಿವೆ. ವಿಧಾನಮಂಡಲದ ಸರದಿ ಬಂದಾಗ 202ನೇ ವಿಧಿಯ ಔದಾರ್ಯ ಸಭಾಧ್ಯಕ್ಷರು, ಸಭಾಪತಿ ಮತ್ತು ಅವರ ಉಪಾಧ್ಯಕ್ಷರ ಸಂಬಳ, ಭತ್ಯೆಗೇ ಮುಗಿಯುತ್ತದೆ. 187ನೇ ವಿಧಿ ಪ್ರತ್ಯೇಕ ಸಿಬ್ಬಂದಿ ಇರಬೇಕು ಎನ್ನುತ್ತದೆ, ಆ ಸಿಬ್ಬಂದಿಯ ಹಣದ ಬಗ್ಗೆ ಏನೂ ಹೇಳುವುದಿಲ್ಲ. ಮಿಕ್ಕ ಖರ್ಚೆಲ್ಲ ಬಜೆಟ್ಟಿನ 2011ನೇ ಲೆಕ್ಕಶೀರ್ಷಿಕೆಯಡಿ ಬೇರೆ ಇಲಾಖೆಗಳ ಹಾಗೆಯೇ ಅನುದಾನದ ಬೇಡಿಕೆಯಾಗಿ ಬರುತ್ತದೆ. ರಾಜ್ಯಪಾಲರ ಶಿಫಾರಸಿಲ್ಲದೆ ಯಾವ ಬೇಡಿಕೆಯನ್ನೂ ಮಂಡಿಸುವಂತಿಲ್ಲ ಎನ್ನುತ್ತದೆ 203ನೇ ವಿಧಿ. ರಾಜ್ಯಪಾಲರ ಶಿಫಾರಸು ಎಂದರೆ ಸಂಪುಟದ ಒಪ್ಪಿಗೆ, ಅದಕ್ಕೂ ಮೊದಲು ಆರ್ಥಿಕ ಇಲಾಖೆಯ ಟಿಪ್ಪಣಿ. ಸರ್ಕಾರದ ಲೆಕ್ಕ ಕೇಳಬೇಕಾದ ಸದನ, ತನ್ನ ಒಂದು ಹುದ್ದೆಗೆ ಅದೇ ಸರ್ಕಾರದ ಕಡತದ ಹಿಂದೆ ಅಲೆಯಬೇಕು.

ವಿಠ್ಠಲಭಾಯಿ ಪಟೇಲರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. 1925ರಲ್ಲಿ ಅವರು ಕೇಂದ್ರ ಶಾಸನಸಭೆಯ ಅಧ್ಯಕ್ಷರಾಗಿ ಚುನಾಯಿತರಾದಾಗ ಸಭೆಯ ಸಿಬ್ಬಂದಿ ಬ್ರಿಟಿಷ್ ಸರ್ಕಾರದ ಶಾಸನ ಇಲಾಖೆಗೆ ಸೇರಿದವರಾಗಿದ್ದರು. ಸರ್ಕಾರದ ನೌಕರ ಸಭೆಯ ಅಧ್ಯಕ್ಷನಿಗೆ ನಿರ್ಭಯವಾಗಿ ಸಲಹೆ ಕೊಡುವುದು ಹೇಗೆ? ಪಟೇಲರು ಹಟ ಬಿಡಲಿಲ್ಲ. 1928ರ ಸೆಪ್ಟೆಂಬರಿನಲ್ಲಿ ಮೋತಿಲಾಲ್ ನೆಹರೂ ನಿರ್ಣಯ ತಂದರು, 1929ರ ಜನವರಿ 10ರಂದು ಪ್ರತ್ಯೇಕ ಇಲಾಖೆ ಹುಟ್ಟಿತು. ಸಿಬ್ಬಂದಿ ಬಿಡುಗಡೆಯಾದರು. ಹಣದ ಬಿಡುಗಡೆಗೆ ಅಂಥ ಹಟಮಾರಿ ನಮಗೆ ಇನ್ನೂ ಸಿಕ್ಕಿಲ್ಲ.

ಇದರ ಫಲ ಏನೆಂದು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಸಮಿತಿಯ ಸಭೆ; ಊರು, ಹೆಸರು ಬೇಡ. ಸದಸ್ಯರ ಮುಂದೆ ಪ್ರಶ್ನಾವಳಿ ಇತ್ತು. ಎದುರಿಗೆ ಇಲಾಖೆಯ ಅಧಿಕಾರಿಗಳು. ಪ್ರತಿ ಪ್ರಶ್ನೆಗೂ ಅವರ ಬಳಿ ಉತ್ತರ ಟೈಪಾಗಿ ಸಿದ್ಧವಿತ್ತು. ಚಹಾದ ವಿರಾಮದಲ್ಲಿ ಸಮಿತಿ ಶಾಖೆಯ ಅಧಿಕಾರಿಯನ್ನು ಕೇಳಿದೆ, ಪ್ರಶ್ನೆ ಬರೆದವರು ಯಾರು ಅಂತ. ಆತ ಮುಚ್ಚಿಡಲಿಲ್ಲ: "ಸರ್, ಮೂರು ಸಮಿತಿಗೆ ನಾನೊಬ್ಬನೇ. ಇಲಾಖೆಯವರು ಕಳಿಸಿದ ಟಿಪ್ಪಣಿ ನೋಡಿಕೊಂಡೇ ಪ್ರಶ್ನೆ ಮಾಡಿದ್ದು." ಆ ಮನುಷ್ಯನದು ಏನೂ ತಪ್ಪಿಲ್ಲ. ಬೇರೆ ಮೂಲದಿಂದ ಮಾಹಿತಿ ತರಿಸಲು, ಒಬ್ಬ ಎಂಜಿನಿಯರನನ್ನೋ ಲೆಕ್ಕ ಬಲ್ಲವರನ್ನೋ ಕರೆಸಲು ಅವನ ಶಾಖೆಗೆ ಬಿಡಿಗಾಸೂ ಇರಲಿಲ್ಲ.

ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಅಧಿಕಾರಿಗಳು ಯಾಕೆ ಅಂಜುತ್ತಾರೆ? ಅದರ ಮನೆಕೆಲಸವನ್ನು ಸಿಎಜಿ ಮಾಡಿಕೊಡುತ್ತಾರೆ, ಆ ಕಚೇರಿಯ ಹಣಕ್ಕೆ ಸಂವಿಧಾನದ ಕಾವಲಿದೆ. ಅಂದಾಜು ಸಮಿತಿಗೆ, ಭರವಸೆಗಳ ಸಮಿತಿಗೆ, ಅರ್ಜಿಗಳ ಸಮಿತಿಗೆ ಅಂಥ ಆಸರೆ ಯಾವುದೂ ಇಲ್ಲ. ಕೇರಳ 1980ರಲ್ಲೇ ವಿಷಯ ಸಮಿತಿಗಳನ್ನು ತಂದಿತು, ಸಂಸತ್ತು 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳನ್ನು ಮಾಡಿತು. ಎರಡನ್ನೂ ನಾವು ಹೊಗಳಿ ಬರೆದೆವು. ಆ ಸಮಿತಿಗಳಿಗೆ ಸಂಶೋಧಕರು ಎಷ್ಟು, ಅವರ ಸಂಬಳ ಎಲ್ಲಿಂದ ಎಂದು ಎಷ್ಟು ಜನ ಕೇಳಿದೆವು?

ಹಾಗಾದರೆ ಸದನದ ಬಜೆಟ್ಟನ್ನು ಸದನವೇ ಬರೆದುಕೊಳ್ಳಲಿ ಎನ್ನೋಣವೇ? ನನ್ನನ್ನು ಇಷ್ಟು ವರ್ಷ ಕಾಡಿದ ಪ್ರಶ್ನೆ ಇದು. 2025ರ ಮಾರ್ಚಿನಲ್ಲಿ ನಮ್ಮ ವಿಧಾನಸಭೆ ಗದ್ದಲದ ನಡುವೆ, ಚರ್ಚೆಯಿಲ್ಲದೆ, ಶಾಸಕರ ಮಾಸಿಕ ವೇತನವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸಿತು. ಅಂಥ ಸದನದ ಕೈಗೆ ಚೀಲ ಕೊಟ್ಟರೆ ಸಮಿತಿ ಶಾಖೆಗೆ ಒಬ್ಬ ಸಂಶೋಧಕ ಬರುತ್ತಾನೆಯೇ, ಭತ್ಯೆ ಬೆಳೆಯುತ್ತದೆಯೇ? ಜನ ಹೀಗೆ ಅನುಮಾನಪಟ್ಟರೆ ಅದು ನ್ಯಾಯವೇ. ಸಂಚಿತ ನಿಧಿಯ ಮೇಲೆ ಪೂರ್ತಿ ಹೊರಿಸಿಬಿಟ್ಟರೆ ಸದನ ತನ್ನ ಖರ್ಚಿನ ಮೇಲೇ ಮತ ಹಾಕುವುದು ತಪ್ಪಿಹೋಗುತ್ತದೆ, ಅದೂ ನನಗೆ ಒಪ್ಪಿಗೆಯಿಲ್ಲ.

ಬ್ರಿಟನ್ 1978ರಲ್ಲಿ ಕಾಯ್ದೆ ಮಾಡಿ ಹೌಸ್ ಆಫ್ ಕಾಮನ್ಸ್ ಆಯೋಗವನ್ನು ರಚಿಸಿತು. ಸ್ಪೀಕರ್ ಅದರ ಮುಖ್ಯಸ್ಥರು, ವಿರೋಧ ಪಕ್ಷದ ನಾಯಕರು ಸೂಚಿಸಿದ ಸದಸ್ಯರೊಬ್ಬರು ಅದರಲ್ಲಿದ್ದಾರೆ. ಸದನದ ಆಡಳಿತ ವೆಚ್ಚದ ಅಂದಾಜನ್ನು ಸದನದ ಮುಂದಿಡುವುದು ಆ ಆಯೋಗ, ಖಜಾನೆಯಲ್ಲ. ಅಲ್ಲಿನದನ್ನು ಹಾಗೇ ತಂದು ಇಲ್ಲಿ ನೆಡಲು ಬರುವುದಿಲ್ಲ, 203ನೇ ವಿಧಿ ಅಡ್ಡ ನಿಂತಿದೆ. ಆದರೆ ಎರಡು ಕೆಲಸಕ್ಕೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ. ಸದಸ್ಯರ ಸಂಬಳ, ಭತ್ಯೆಯಿಂದ ಬೇರ್ಪಡಿಸಿ ಸಮಿತಿಗಳ ಕೆಲಸಕ್ಕೆ ಪ್ರತ್ಯೇಕ ಉಪಶೀರ್ಷಿಕೆ ತೆರೆಯಬಹುದು. ವಿರೋಧ ಪಕ್ಷದವರೂ ಇರುವ ಸದನ ಸಮಿತಿ ತಯಾರಿಸಿದ ಅಂದಾಜನ್ನು ಆರ್ಥಿಕ ಇಲಾಖೆ ಕತ್ತರಿಸದೆ ಮುಂದಕ್ಕೆ ಕಳಿಸುವ ಸಂಪ್ರದಾಯ ಬೆಳೆಸಬಹುದು.

ಈ ವಿಚಾರ ಸಂಕಿರಣದ ಮಧ್ಯಾಹ್ನದ ಗೋಷ್ಠಿಯವರಲ್ಲಿ ನನ್ನ ವಿನಂತಿ ಇಷ್ಟೇ. ಪ್ರಬಂಧ ಮಂಡನೆಯ ಸಮಯದಲ್ಲಿ ಅರ್ಧ ಗಂಟೆ ಉಳಿಸಿ, ಆ ಉಪಶೀರ್ಷಿಕೆಯಡಿ ಏನೇನು ಬರಬೇಕು ಎಂಬುದರ ಕರಡು ಬರೆಯಿರಿ. ವಿಧಾನಮಂಡಲ ಸಚಿವಾಲಯದ ಮಿತ್ರರು ಇಲ್ಲೇ ಇದ್ದಾರೆ, ಅದನ್ನು ಅವರ ಕೈಗೇ ಕೊಟ್ಟು ಕಳಿಸೋಣ.