ಎಷ್ಟು ರಕ್ತ ಹೋಯಿತು?

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ನಾಲ್ಕೂ ಕಡೆಯಿಂದ ತಾವು ಬಂದಿದ್ದೀರಿ. ತಾಯಿಯ ಹೆಸರಿನಲ್ಲಿ ಈ ದತ್ತಿ ಉಪನ್ಯಾಸ ಇಟ್ಟ ಮೇಷ್ಟರು ನನ್ನಲ್ಲಿ ಕೇಳಿಕೊಂಡದ್ದು ಒಂದೇ: "ಡಾಕ್ಟ್ರಮ್ಮ, ಡಾಕ್ಟರುಗಳಿಗೆ ಮಾತ್ರ ತಿಳಿಯೋ ಹಾಗೆ ಮಾತಾಡಬೇಡಿ." ಅವರ ತಾಯಿ ಹೋದದ್ದು ಹೆರಿಗೆಯಾದ ರಾತ್ರಿ. ಅಂದು ಹುಟ್ಟಿದ ತಂಗಿ ಇವತ್ತು ಮೊಮ್ಮಕ್ಕಳೊಂದಿಗೆ ಎರಡನೇ ಸಾಲಿನಲ್ಲಿ ಕೂತಿದ್ದಾರೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಾವಗಡದ ಕಡೆಯ ಹಳ್ಳಿಯೊಂದರಿಂದ ಎತ್ತಿನ ಗಾಡಿಯಲ್ಲಿ ಒಬ್ಬ ಬಾಣಂತಿಯನ್ನು ಕರೆತಂದರು. ತುಟಿ ಬಿಳಿಚಿತ್ತು, ಕೈಕಾಲು ತಣ್ಣಗಿದ್ದವು. ಎಷ್ಟು ರಕ್ತ ಹೋಯಿತು ಎಂದು ಕೇಳಿದೆ. ಅತ್ತೆ ಹೇಳಿದರು: "ಎರಡು ಸೀರೆ ನೆಂದೋಯ್ತು ಡಾಕ್ಟ್ರಮ್ಮ, ಆಮೇಲೆ ನೆಲಕ್ಕೆ ಬೂದಿ ಹಾಕಿದ್ವಿ." ನಾನು ಕಲಿತವಳು. ಸೀರೆಯ ಲೆಕ್ಕ ನನಗೆ ಲೆಕ್ಕವೇ ಅಲ್ಲ. ಹಾಸಿದ್ದ ಬಟ್ಟೆ ನೋಡಿ, ಕೇಸ್ ಶೀಟಿನಲ್ಲಿ 'ಸುಮಾರು 300 ಮಿ.ಲೀ.' ಎಂದು ಬರೆದೆ. ತುಮಕೂರಿಗೆ ಕಳಿಸಿದ ಜೀಪು ಮಧುಗಿರಿ ಮುಟ್ಟುವ ಮೊದಲೇ ವಾಪಸು ತಿರುಗಿತು. ಆ 300 ಸುಳ್ಳು, ಅತ್ತೆಯ ಎರಡು ಸೀರೆಯೇ ನಿಜ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಬೆಳಗಾವಿಯಿಂದ ಬಂದ ಒಂದು ಅಧ್ಯಯನ ಓದಿದಾಗ.

ಅದನ್ನು ಹೇಳುವ ಮುಂಚೆ ಒಂದು ಮಾತು. ಸೂಲಗಿತ್ತಿಯರನ್ನು ಹಳಿಯಲು ನಾನು ಇಲ್ಲಿ ನಿಂತಿಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅಂಥವರ ಕೈಗಳಿಗೆ ಗೊತ್ತಿದ್ದದ್ದು ನಮ್ಮ ಪುಸ್ತಕಗಳಿಗೆ ಗೊತ್ತಿರಲಿಲ್ಲ. ಆದರೆ ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯಾಗದೆ ಸಡಿಲವಾಗಿಯೇ ಉಳಿದರೆ ಬರಿಗೈ ಸಾಲದು. ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ 500ರಿಂದ 700 ಮಿ.ಲೀ. ರಕ್ತ ಹರಿಯುತ್ತಿರುತ್ತದೆ. ಅಲ್ಲಿನ ನಾಳಗಳನ್ನು ಹಿಂಡಿ ಮುಚ್ಚುವುದು ಆ ಸ್ನಾಯುವೇ. ಅದು ಸೋತರೆ, ಯಾರೂ ಏನೂ ಮಾಡದಿದ್ದರೆ, ಎರಡು ಗಂಟೆಯೊಳಗೆ ಜೀವ ಹೋಗಬಹುದು. ಪಾವಗಡದಿಂದ ತುಮಕೂರು ನೂರು ಕಿಲೋಮೀಟರಿನ ಆಸುಪಾಸು. ಲೆಕ್ಕ ನೀವೇ ಹಾಕಿ.

ಈಗ ಬೆಳಗಾವಿಯ ಕಥೆ. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಕೊಡ್ಕಣಿ, ಗೌಡರ್ ಮತ್ತು ಅಮೆರಿಕದ ರಿಚರ್ಡ್ ಡರ್ಮನ್ ಸೇರಿ 2002ರಿಂದ 2005ರವರೆಗೆ ಹಳ್ಳಿಗಳಲ್ಲಿ 1,620 ಹೆರಿಗೆಗಳನ್ನು ಗಮನಿಸಿದರು. ಹೆರಿಗೆ ಮಾಡಿಸಿದವರು ದೊಡ್ಡ ಡಾಕ್ಟರುಗಳಲ್ಲ, ನಮ್ಮ ಎಎನ್‌ಎಂ ಸಿಸ್ಟರುಗಳು. ಮಗು ಹುಟ್ಟಿದ ಕೂಡಲೇ ಅರ್ಧದಷ್ಟು ತಾಯಂದಿರಿಗೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದರ್ಧಕ್ಕೆ ಅದರಂತೆಯೇ ಕಾಣುವ, ಔಷಧಿಯಿಲ್ಲದ ಮಾತ್ರೆ. ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದವರ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ಒಂದು ಲೀಟರ್ ದಾಟಿದವರು ಶೇ. 1.2ರಿಂದ ಶೇ. 0.2ಕ್ಕೆ. 2006ರಲ್ಲಿ 'ಲ್ಯಾನ್ಸೆಟ್'ನಲ್ಲಿ ಅಚ್ಚಾಯಿತು. ಆಸ್ಪತ್ರೆಯಲ್ಲಿ ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ ಫ್ರಿಜ್ಜಿನಲ್ಲೇ ಇರಬೇಕು. ಈ ಮಾತ್ರೆಗೆ ಫ್ರಿಜ್ಜು ಬೇಡ. 2,050 ಮೆಗಾವಾಟ್ ಸೌರ ಪಾರ್ಕ್ ಇರುವ ಪಾವಗಡದವರ ಮುಂದೆ ಕರೆಂಟಿಲ್ಲದ ಫ್ರಿಜ್ಜಿನ ಮಾತಾಡಲು ನನಗೂ ಮುಜುಗರವೇ.

ಮಾತ್ರೆಗೆ ಹೆಸರು ಬಂತು. ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಅದೇ ತಂಡ ಬಳಸಿದ ಒಂದು ಪ್ಲಾಸ್ಟಿಕ್ ಹಾಳೆ. ಹೆರಿಗೆಯಾದ ತಕ್ಷಣ ಬಾಣಂತಿಯ ಕೆಳಗೆ ಹಾಸುವುದು. ತುದಿಯಲ್ಲಿ ಆಲಿಕೆಯ ಹಾಗೆ ಇಳಿದ ಚೀಲ, ಚೀಲದ ಮೇಲೆ ಮಿ.ಲೀ. ಗೆರೆಗಳು. ಹಾಲಿನ ಡೈರಿಯಲ್ಲಿ ಅಳತೆಪಾತ್ರೆ ನೋಡುವಂತೆ ಗೆರೆ ನೋಡಿ ಓದುವುದು, ಅಷ್ಟೆ. ಕಣ್ಣಂದಾಜಿನಲ್ಲಿ ಬರೆದ ಲೆಕ್ಕವನ್ನೂ ಈ ಹಾಳೆಯ ಲೆಕ್ಕವನ್ನೂ ಹೋಲಿಸಿದಾಗ ಕಣ್ಣು ಸುಮಾರು ಮೂರನೇ ಒಂದು ಪಾಲು ಕಡಿಮೆ ಹೇಳಿತ್ತು. ಕಲಿತವರ ಕಣ್ಣು! ಅದನ್ನು ಓದಿದ ದಿನ ನನಗೆ ಆ ಎತ್ತಿನ ಗಾಡಿ ನೆನಪಾಯಿತು. 2023ರಲ್ಲಿ ಇಂಥದೇ ಗೆರೆಚೀಲವನ್ನು ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಪರೀಕ್ಷಿಸಿದರು. ಚೀಲ ನೋಡಿ ಬೇಗ ಗುರುತಿಸುವುದು, ಗುರುತಿಸಿದೊಡನೆ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಕೊಡುವುದು. ತೀವ್ರ ರಕ್ತಸ್ರಾವ ಮತ್ತು ಅದರ ಅನಾಹುತಗಳು ಶೇ. 60ರಷ್ಟು ತಗ್ಗಿದವು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, 500 ಮಿ.ಲೀ. ಆಗುವವರೆಗೆ ಕಾಯಬೇಡಿ, 300 ಮಿ.ಲೀ. ಹೋಗಿ ನಾಡಿಯೋ ಬಿಪಿಯೋ ಏರುಪೇರಾದರೆ ಆಗಲೇ ಚಿಕಿತ್ಸೆ ಶುರುಮಾಡಿ ಎಂದಿತು.

ಅಷ್ಟಾದರೂ ರಕ್ತ ಕೊಡಲೇಬೇಕಾದ ಗಳಿಗೆ ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ರಕ್ತ ಕೊಡುವ ಪ್ರಯತ್ನಕ್ಕೆ ಲಂಡನ್ನಿನ ಜೇಮ್ಸ್ ಬ್ಲಂಡೆಲ್ 1818ರ ಹೊತ್ತಿಗೆ ಕೈಹಾಕಿದ್ದೇ ಬಾಣಂತಿಯರು ಕಣ್ಣೆದುರು ಸಾಯುವುದನ್ನು ನೋಡಲಾರದೆ. ಆಗ ರಕ್ತದ ಗುಂಪು ಯಾರಿಗೂ ಗೊತ್ತಿಲ್ಲ, ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿ ಅದನ್ನು ಕಂಡುಹಿಡಿದದ್ದು 1901ರಲ್ಲಿ. ಕೆಲವರು ಬದುಕಿದರು, ಕೆಲವರು ಇಲ್ಲ. ನಮ್ಮಲ್ಲಿ ಇಂದಿಗೂ ಗಂಡ ತೋಳು ಮಡಿಸಿಕೊಂಡು ಬರುತ್ತಾನೆ: "ನಂದೇ ತಗೊಳ್ಳಿ ಮೇಡಂ, ಒಂದೇ ಗ್ರೂಪು." ಪಾಪ, ಅವನ ಪ್ರೀತಿ ದೊಡ್ಡದು. ಆದರೆ 1939ರಲ್ಲಿ ವರದಿಯಾದ ನ್ಯೂಯಾರ್ಕಿನ ಪ್ರಕರಣವೊಂದರಲ್ಲಿ, ಸತ್ತ ಮಗುವನ್ನು ಹೆತ್ತ ಹೆಂಗಸೊಬ್ಬಳಿಗೆ ಅದೇ ಗುಂಪಿನ ಗಂಡನ ರಕ್ತ ಕೊಟ್ಟಾಗ ಮೈ ನಡುಗಿ ಜೀವಕ್ಕೇ ಬಂತು. ಹೊಟ್ಟೆಯಲ್ಲಿದ್ದ ಮಗು ತಂದೆಯಿಂದ ಪಡೆದ ಯಾವುದೋ ಅಂಶಕ್ಕೆ ತಾಯಿಯ ಮೈ ಮೊದಲೇ ಶತ್ರುವಾಗಿತ್ತು. ಆರ್‌ಎಚ್ ಎಂದು ನಾವು ಕರೆಯುವುದರ ಸುಳಿವು ಸಿಕ್ಕಿದ್ದೇ ಹಾಗೆ. ಅದಕ್ಕೇ ಎರಡು ರಕ್ತ ಹೊಂದುತ್ತವೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್‌ಗೆ ಹಿಡಿಯುವ ಹೊತ್ತಿಗೆ ಲ್ಯಾಬಿನವರ ಮೇಲೆ ಕೂಗಾಡಬೇಡಿ. ಕೋಲಾರ ಜಿಲ್ಲೆಯ ಒಬ್ಬ ಮಹಿಳೆಯಲ್ಲಿ ಜಗತ್ತಿನಲ್ಲೇ ಯಾರೂ ಕಾಣದ ರಕ್ತದ ಗುರುತೊಂದು ಸಿಕ್ಕಿ, 2025ರಲ್ಲಿ ಅದಕ್ಕೆ 'ಕ್ರಿಬ್' ಎಂದು ಹೆಸರಾಯಿತು. ಅವರ ಮನೆಯವರ ರಕ್ತವೂ ಅವರಿಗೆ ಹೊಂದಲಿಲ್ಲ.

ಒಂದು ಬಾಟಲಿ ರಕ್ತ, ಈಗ ಚೀಲ ಅನ್ನಿ, ಹಿಮೋಗ್ಲೋಬಿನ್ನನ್ನು ಹೆಚ್ಚೆಂದರೆ ಒಂದು ಗ್ರಾಂ ಏರಿಸುತ್ತದೆ. 2ರಿಂದ 6 ಡಿಗ್ರಿ ತಂಪಿನಲ್ಲಿ 35 ದಿನ ಇಡಬಹುದು, ಆಮೇಲೆ ಚೆಲ್ಲಬೇಕು. 12 ಗ್ರಾಂ ಇದ್ದವಳು ಮುಕ್ಕಾಲು ಲೀಟರ್ ಹೋದರೂ ಎದ್ದು ಕೂರುತ್ತಾಳೆ, 7 ಗ್ರಾಂ ಇದ್ದವಳಿಗೆ ಅರ್ಧ ಲೀಟರೇ ಕುತ್ತು. ದೇಶದಲ್ಲಿ ನೂರಕ್ಕೆ 52 ಬಸುರಿಯರಿಗೆ ರಕ್ತಹೀನತೆ. ಹಾಗಾಗಿ ರಕ್ತ ಕೊಡುವ ಕೆಲಸ ಮೂರನೇ ತಿಂಗಳಿಂದಲೇ ಶುರುವಾಗಬೇಕು ಎಂಬುದು ನನ್ನ ಹಠ. ಕೆಂಪು ಮಾತ್ರೆ ದಿನಕ್ಕೊಂದು, 180 ದಿನ. ನುಂಗಿದರೆ ಮಲ ಕಪ್ಪಗಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಎಷ್ಟೋ ಸೊಸೆಯಂದಿರು ಅದನ್ನು ಅಕ್ಕಿಡಬ್ಬಿಯ ಹಿಂದೆ ಬಚ್ಚಿಡುತ್ತಾರೆ. ನುಂಗಲಾರದವರಿಗೆ ರಕ್ತನಾಳಕ್ಕೆ ಒಂದೇ ಸಲ ಕೊಡುವ ಕಬ್ಬಿಣದ ಡ್ರಿಪ್ ಬಂದಿದೆ. ಅದನ್ನು ಮಾತ್ರೆಯೊಂದಿಗೆ ತೂಗಿನೋಡಲು ಕರ್ನಾಟಕ, ರಾಜಸ್ಥಾನಗಳಲ್ಲಿ 4,320 ಗರ್ಭಿಣಿಯರನ್ನು ಸೇರಿಸಿಕೊಳ್ಳಲು ಹೊರಟ ಅಧ್ಯಯನದಲ್ಲೂ ಬೆಳಗಾವಿಯವರೇ ಮುಂದು.

ನಮ್ಮ ನಾಲ್ಕು ತಾಲ್ಲೂಕಿಗೆ ಇನ್ನೊಂದು ಗಂಟಿದೆ: ಬೋರ್‌ವೆಲ್ ನೀರಿನ ಫ್ಲೋರೈಡು. ಹಳದಿ ಹಲ್ಲು, ಹಿಡಿದುಕೊಂಡ ಕೀಲುಗಳಿಗೇ ಅದು ನಿಲ್ಲುವುದಿಲ್ಲ, ಹೊಟ್ಟೆಯ ಒಳಪದರವನ್ನೂ ಕೆಡಿಸಿ ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತದೆ ಎಂಬುದು ದೆಹಲಿಯ ಎ.ಕೆ. ಸುಶೀಲಾ ಅವರ ವಾದ. ಗರ್ಭಿಣಿಯರ ಕುಡಿಯುವ ನೀರು, ಊಟ ಬದಲಿಸಿದಾಗ ಹಿಮೋಗ್ಲೋಬಿನ್ ಏರಿದ್ದನ್ನು ಅವರ ತಂಡ 2010ರಲ್ಲಿ ಬರೆಯಿತು. ಒಂದೇ ತಂಡದ ಕೆಲಸ, ಇಂಥದನ್ನು ಪಾವಗಡದಲ್ಲೇ ಮಾಡಿ ನೋಡಬೇಕು. ಹುಣಸೆಹಣ್ಣು ತಿಂದ ಹುಡುಗರ ಮೂತ್ರದಲ್ಲಿ ಫ್ಲೋರೈಡು ಹೆಚ್ಚು ಹೊರಹೋದದ್ದನ್ನು ಹೈದರಾಬಾದಿನ ಪೋಷಣಾ ಸಂಸ್ಥೆಯವರು 2002ರಲ್ಲಿ ಕಂಡಿದ್ದಾರೆ. ಸೊಪ್ಪಿನ ಬಸ್ಸಾರಿಗೆ ಹುಣಸೆ ಹಿಂಡುವ ನಮ್ಮವರಿಗೆ ಖುಷಿಯ ಸುದ್ದಿ. ಆದರೆ ಮುದ್ದೆ ಉಂಡು ಕೈ ತೊಳೆಯುತ್ತಲೇ ಟೀ ಕುಡಿದರೆ ಉಂಡ ಕಬ್ಬಿಣದಲ್ಲಿ ಹೆಚ್ಚಿನದು ಟೀಯ ಪಾಲು.

ಹೋದ ವರ್ಷ ಈ ಭಾಗದ ಒಂದು ಹೆರಿಗೆ ವಾರ್ಡಿಗೆ ಹೋಗಿದ್ದೆ. ಗೆರೆಚೀಲ ಬರುತ್ತದೆ, ಮುಗಿಯುತ್ತದೆ, ಮತ್ತೆ ಬರುವವರೆಗೆ ಏನು ಮಾಡುತ್ತೀರಿ ಎಂದೆ. ಸಿಸ್ಟರ್ ಮೇಜಿನ ಕೆಳಗಿಂದ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ತೆಗೆದರು, ತರಕಾರಿ ಅಂಗಡಿಯದು. ನೆನೆದ ಬಟ್ಟೆಯನ್ನೆಲ್ಲ ಕವರಿಗೆ ಹಾಕಿ ಅದರ ಮೇಲಿಡುತ್ತಾರಂತೆ. ಒಂದು ಗ್ರಾಂ ಅಂದರೆ ಹೆಚ್ಚುಕಮ್ಮಿ ಒಂದು ಮಿ.ಲೀ. ನಾನು ಸುಮ್ಮನೆ ಒಂದು ಒದ್ದೆ ಟವೆಲ್ ಇಟ್ಟು 340 ಎಂದು ಓದಿದೆ. ಅವರು ನಕ್ಕರು. "ಒಣಗಿದ್ದಾಗ ಎಷ್ಟಿತ್ತು ಅಂತ ಮೊದಲೇ ಬರ್ಕೋಬೇಕು ಮೇಡಂ, ಇಲ್ಲಾಂದ್ರೆ ಲೆಕ್ಕ ತಪ್ಪುತ್ತೆ."